ಕಾಕಾ, 54 ಸಾವಿರ ಕೋಟಿಯ ಪಕ್ಕದಲ್ಲಿ ಇನ್ನೊಂದು ಲೆಕ್ಕ ಬರೆಯಬೇಕು

ಕಾಕಾ, ನಮಸ್ಕಾರ. ನಿನ್ನೆ ರಾತ್ರಿ ನೀವು ಗುಂಪಿನಲ್ಲಿ ಹಾಕಿದ ಮಾತಿಗೆ ಉತ್ತರ ಹೇಳುತ್ತಿದ್ದೇನೆ. ಉದ್ದ ಆಗುತ್ತದೆ, ಊಟ ಮುಗಿಸಿ ಆರಾಮಾಗಿ ಕೇಳಿ. ಕೊಪ್ಪಳದ ಪಕ್ಕದ ಉಕ್ಕಿನ ಕಾರ್ಖಾನೆಗೆ 54 ಸಾವಿರ ಕೋಟಿ ಬರುತ್ತಿತ್ತು, 2025ರ ಫೆಬ್ರುವರಿಯಲ್ಲಿ ಬಂದ್ ಮಾಡಿ ತಡೆದರು, ಹಿಂಗಾದರೆ ಜಿಲ್ಲೆ ಮುಂದೆ ಬರೋದು ಯಾವಾಗ ಅಂತ ಕೇಳಿದ್ದೀರಿ. ರಾಜ್ಯದ ತಲಾ ಆದಾಯ ದೇಶದಲ್ಲೇ ಮೊದಲ ಸಾಲಿನಲ್ಲಿದೆ ಅನ್ನುವ ಸುದ್ದಿಯನ್ನೂ ಕಳಿಸಿದ್ದೀರಿ. ಕೊನೆಗೆ, ಧೂಳು ಧೂಳು ಅಂತ ಕೂತರೆ ಹೊಟ್ಟೆ ತುಂಬುತ್ತಾ ಅಂದಿರಿ.

ಹೊಟ್ಟೆಯ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಗಿಣಿಗೇರಿ ಸುತ್ತಿನ ಕಾರ್ಖಾನೆಗಳ ಸಂಬಳದಿಂದ ನಮ್ಮ ಬಳಗದಲ್ಲೇ ಎಷ್ಟು ಮನೆ ಎದ್ದು ನಿಂತಿವೆ ಅಂತ ಎಲ್ಲರಿಗೂ ಗೊತ್ತು. ಕಾರ್ಖಾನೆಯೇ ಬೇಡ ಅಂತ ನಾನು ಹೇಳುತ್ತಿಲ್ಲ. ನಾನು ಕೇಳುವುದು ಇಷ್ಟೇ: ಜಿಲ್ಲೆ ಮುಂದೆ ಬಂತು ಅಂತ ಯಾವ ಲೆಕ್ಕ ನೋಡಿ ಹೇಳುತ್ತೀರಿ?

ನಾನು ದಿನಾ ರೈಸ್ ಮಿಲ್ಲು, ಅಂಗಡಿಗಳ ಲೆಕ್ಕಪತ್ರ ನೋಡುವವಳು. ಮಿಲ್ಲಿನ ಲಾಭ ಬರೆಯುವಾಗ ಯಂತ್ರದ ಸವಕಳಿ ಕಳೆಯಲೇಬೇಕು. ಕಳೆಯದಿದ್ದರೆ ಲಾಭ ಸುಳ್ಳು. ದೇಶದ ಜಿಡಿಪಿಯಲ್ಲಿ, ಅಂದರೆ ವರ್ಷದ ಒಟ್ಟು ಉತ್ಪನ್ನದ ಲೆಕ್ಕದಲ್ಲಿ, ಯಾವ ಸವಕಳಿಯನ್ನೂ ಕಳೆಯುವುದಿಲ್ಲ. ನೀವು ಕಳಿಸಿದ ತಲಾ ಆದಾಯದಲ್ಲಿ ಕಳೆಯುತ್ತಾರೆ, ಆದರೆ ಯಂತ್ರ, ಕಟ್ಟಡ, ರಸ್ತೆ, ಲಾರಿಯಂಥ ಮನುಷ್ಯ ಮಾಡಿದ್ದರ ಸವಕಳಿ ಮಾತ್ರ. ಅಂದರೆ ಸಂಡೂರಿನ ಕಬ್ಬಿಣದ ಅದಿರಿನ ಗುಡ್ಡ ಅಗೆದ ಜೆಸಿಬಿ ಎಷ್ಟು ಸವೆಯಿತು ಅನ್ನುವುದು ಲೆಕ್ಕದಲ್ಲಿದೆ. ಗುಡ್ಡ ಎಷ್ಟು ಸವೆಯಿತು ಅನ್ನುವುದು ಇಲ್ಲ. ನಾವು ಎರಡು ಎಕರೆ ಹೊಲ ಮಾರಿ, ಆ ದುಡ್ಡನ್ನು ಆ ವರ್ಷದ ಬೆಳೆಯ ಆದಾಯ ಅಂತ ಬರೆದುಕೊಂಡರೆ ನೀವು ಸುಮ್ಮನಿರುತ್ತೀರಾ ಕಾಕಾ?

ಗಣಿಯ ಕಾಲ ನೆನಪಿದೆ ಅಲ್ವಾ? ಚೀನಾದಲ್ಲಿ ಅದಿರಿಗೆ ಬೇಡಿಕೆ ಏರಿದ ಮೇಲೆ ಟನ್ನಿನ ಬೆಲೆ ಸಾವಿರಗಳಿಗೆ ಹೋಯಿತು. 2009ರವರೆಗೆ ಸರ್ಕಾರಕ್ಕೆ ಸಿಗುತ್ತಿದ್ದ ರಾಜಧನ (ರಾಯಲ್ಟಿ) ಟನ್ನಿಗೆ 27 ರೂಪಾಯಿ ದಾಟುತ್ತಿರಲಿಲ್ಲ. 2006ರಿಂದ 2010ರ ನಡುವೆ 2.98 ಕೋಟಿ ಟನ್ ಅದಿರು ಅಕ್ರಮವಾಗಿ ಹೊರದೇಶಕ್ಕೆ ಹೋಯಿತು ಅಂತ 2011ರ ಲೋಕಾಯುಕ್ತ ವರದಿ ಹೇಳಿತು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿತು. ಹಾಗೆ ನಿಲ್ಲಿಸುವವರೆಗೂ, ಲೆಕ್ಕಕ್ಕೆ ಸಿಕ್ಕ ಪ್ರತಿ ಟನ್ನೂ ನಮ್ಮ ಬೆಳವಣಿಗೆ ಅಂತಲೇ ಕೂಡುತ್ತಾ ಹೋಯಿತು. ರಸ್ತೆ ಬದಿಯ ಮೆಣಸಿನಕಾಯಿ, ಜೋಳದ ಮೇಲೆ ಕೂತ ಕೆಂಪು ಧೂಳನ್ನು ಯಾವ ಕಾಲಂನಲ್ಲೂ ಕಳೆಯಲಿಲ್ಲ.

ಧೂಳು ಬಿಡಿ. ನಮ್ಮ ಅನ್ನದ ಮಾತಿಗೆ ಬರುತ್ತೇನೆ. 1953ರಲ್ಲಿ ತುಂಗಭದ್ರಾ ಡ್ಯಾಂ ಆದಾಗ ಅದರಲ್ಲಿ ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ನೀರು ನಿಲ್ಲುತ್ತಿತ್ತು. 2016ರ ಅಳತೆಯಲ್ಲಿ ಅದು 105.788 ಟಿಎಂಸಿಗೆ ಇಳಿದಿತ್ತು. 27 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಎಲ್ಲಾ ಹೂಳು ಗಣಿಯದ್ದು ಅಂತ ಹೇಳಿದರೆ ಅನ್ಯಾಯ ಆಗುತ್ತದೆ. ಮಲೆನಾಡಿನ ಕಡೆಯ ಬೋಳು ಗುಡ್ಡಗಳಿಂದ, ಹೊಲಗಳಿಂದ, ಊರುಗಳಿಂದಲೂ ಮಣ್ಣು ಹರಿದು ಬಂದಿದೆ. ಎಲ್ಲಿಂದ ಬಂದರೂ ಹೋದದ್ದು ನಮ್ಮ ನೀರು. ಎಡದಂಡೆ ನಾಲೆಯ ಕೊನೆಯಲ್ಲಿ, ಮಾನ್ವಿ ಕಡೆ, ನೀರಿಗಾಗಿ ರಾತ್ರಿಯೆಲ್ಲ ನಾಲೆ ಕಾಯುವ ರೈತರನ್ನು ಕೇಳಿ ನೋಡಿ. ಮೊದಲ ಬೆಳೆಗೇ ಎಳೆದಾಟ, ಎರಡನೇ ಬೆಳೆ ದೇವರ ಇಚ್ಛೆ ಅನ್ನುತ್ತಾರೆ.

2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಕೊಚ್ಚಿಹೋದಾಗ ಇಡೀ ರಾಜ್ಯ ಓಡಿ ಬಂತು. ಮಂತ್ರಿಗಳು, ಇಂಜಿನಿಯರುಗಳು, ಟಿವಿಯವರು ಎಲ್ಲರೂ ಬಂದರು. ಬರಲೇಬೇಕಿತ್ತು. ಆದರೆ ವರ್ಷ ವರ್ಷವೂ ಡ್ಯಾಂನೊಳಗೆ ತುಂಬಿದ ಹೂಳಿಗೆ ಅಂಥ ಒಂದು ರಾತ್ರಿ ಬರಲೇ ಇಲ್ಲ. ಅದಕ್ಕೇ ಅದನ್ನು ಬರೆದಿಡುವ ಪುಸ್ತಕ ಬೇಕು ಅನ್ನುತ್ತಿದ್ದೇನೆ.

ನನಗೆ ನಿಜವಾಗಿ ಸಿಟ್ಟು ಬರುವುದು ಇಲ್ಲಿ. ಆ ಹೂಳಿನಿಂದ ಕಳೆದುಕೊಂಡ ನೀರನ್ನು ಹಿಡಿಯಲು ಕನಕಗಿರಿ ತಾಲೂಕಿನ ನವಲಿ ಹತ್ತಿರ ಸಮಾನಾಂತರ ಜಲಾಶಯ ಕಟ್ಟುವ ಯೋಜನೆ ಇದೆ. ಸಾವಿರಾರು ಕೋಟಿಯ ಕೆಲಸ. ಮೇಲೆ ರೈತರ ಜಮೀನೂ ಹೋಗುತ್ತದೆ. ಅದನ್ನು ಕಟ್ಟಿದರೆ ಸಿಮೆಂಟು, ಕಬ್ಬಿಣ, ಗುತ್ತಿಗೆ, ಕೂಲಿ ಎಲ್ಲವೂ ರಾಜ್ಯದ ಬೆಳವಣಿಗೆಗೆ ಸೇರುತ್ತದೆ. ಅದಿರು ಮಾರಿದಾಗ ಒಂದು ಸಲ ಕೂಡಿದರು. ಡ್ಯಾಂ ತುಂಬಿದಾಗ ಏನೂ ಕಳೆಯಲಿಲ್ಲ. ಈಗ ಹೋದ ನೀರನ್ನು ಮತ್ತೆ ಪಡೆಯಲು ಖರ್ಚು ಮಾಡಿದರೆ ಇನ್ನೊಂದು ಸಲ ಕೂಡುತ್ತಾರೆ. ನಮ್ಮ ಕೈಯಲ್ಲಿ 1953ರಲ್ಲಿ ಇದ್ದಷ್ಟೇ ನೀರು ಇರುತ್ತದೆ, ಪುಸ್ತಕದಲ್ಲಿ ಮಾತ್ರ ನಾವು ಶ್ರೀಮಂತರಾಗಿರುತ್ತೇವೆ. ಕಾರ್ಖಾನೆಗಳ ಪಕ್ಕದ ಹಿರೇಬಗನಾಳದ ಕಡೆ ಮಗುವಿನ ಕೆಮ್ಮಿಗೆ ಕಟ್ಟುವ ಆಸ್ಪತ್ರೆ ಬಿಲ್ಲೂ ಹಾಗೇ, ಆದಾಯದ ಕಡೆಗೇ ಸೇರುತ್ತದೆ.

ಇದು ಪರಿಸರದವರು ಈಗ ಹುಟ್ಟಿಸಿದ ಮಾತಲ್ಲ. ಅಮೆರಿಕದ ರಾಷ್ಟ್ರೀಯ ಆದಾಯದ ಲೆಕ್ಕ ಕಟ್ಟಿದ ಸೈಮನ್ ಕುಜ್ನೆಟ್ಸ್ ಅವರೇ 1934ರಲ್ಲಿ ಅಲ್ಲಿನ ಸಂಸತ್ತಿಗೆ ಎಚ್ಚರಿಕೆ ಕೊಟ್ಟಿದ್ದರು, ಈ ಅಂಕಿಯಿಂದ ಜನರ ಸುಖ ದುಃಖ ಅಳೆಯಲು ಆಗುವುದಿಲ್ಲ ಅಂತ. ನಮ್ಮಲ್ಲೂ ಅರ್ಥಶಾಸ್ತ್ರಜ್ಞ ಪಾರ್ಥ ದಾಸಗುಪ್ತ ಅವರ ಸಮಿತಿ 2013ರಲ್ಲಿ ಹಸಿರು ಲೆಕ್ಕದ, ಅಂದರೆ ಪರಿಸರದ ಸವಕಳಿಯನ್ನೂ ನೋಡುವ ಲೆಕ್ಕದ ಬಗ್ಗೆ ಕೇಂದ್ರಕ್ಕೆ ವರದಿ ಕೊಟ್ಟಿತು. 2025ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಹೊಸ ಲೆಕ್ಕದ ಪದ್ಧತಿಯಲ್ಲಿ, ನೆಲದಿಂದ ತೆಗೆದು ಮುಗಿಸಿದ ಖನಿಜವನ್ನು ಉತ್ಪಾದನೆಯ ಖರ್ಚು ಅಂತಲೇ ಬರೆಯಬೇಕು. ಒಳ್ಳೆಯದು, ಅದಿರಿನ ಅರ್ಧ ಲೆಕ್ಕ ಅಲ್ಲಿಗೆ ಸರಿಯಾಗಬಹುದು. ಆದರೆ ಹೂಳು, ಧೂಳಿನ ಹಾನಿ ಅದರಲ್ಲೂ ಆದಾಯದಿಂದ ಕಳೆದುಹೋಗುವುದಿಲ್ಲ.

ಚೀನಾದವರು ಒಮ್ಮೆ ಪ್ರಯತ್ನ ಮಾಡಿದರು, ಅದನ್ನು ಹೇಳಲೇಬೇಕು. 2006ರಲ್ಲಿ ಹಸಿರು ಜಿಡಿಪಿ ವರದಿ ತಂದರು. 2004ರ ಒಂದೇ ವರ್ಷದಲ್ಲಿ ಮಾಲಿನ್ಯದಿಂದ ಆದ ನಷ್ಟ ಜಿಡಿಪಿಯ 3.05% ಅಂತ ಬಂತು. ಅದೂ ಪೂರ್ತಿ ಲೆಕ್ಕ ಅಲ್ಲ, ಅಳೆಯಲು ಆದಷ್ಟು ಮಾತ್ರ. ಮರುವರ್ಷವೇ ವರದಿ ಹೊರಗೆ ಬರುವುದು ನಿಂತಿತು. ಅಲ್ಲಿ ಪ್ರಾಂತ್ಯದ ಅಧಿಕಾರಿಗಳ ಬಡ್ತಿ ಬೆಳವಣಿಗೆ ದರ ನೋಡಿ ಆಗುತ್ತಿತ್ತು. ತಮ್ಮ ಪ್ರಾಂತ್ಯದ ಅಂಕಿ ಇಳಿಯುವುದು ಅವರಿಗೆ ಬೇಕಿರಲಿಲ್ಲ. ಅಂಕಿ ಬದಲಾದರೆ ಕುರ್ಚಿ ಅಲುಗುತ್ತದೆ. ಇಂಥ ಲೆಕ್ಕ ಎಲ್ಲೂ ಸುಲಭವಾಗಿ ಜಾರಿಗೆ ಬರದಿರುವುದಕ್ಕೆ ನನಗೆ ಕಾಣುವ ಕಾರಣ ಇದೇ.

ಒಂದು ವಿಷಯದಲ್ಲಿ ನಾನು ಪರಿಸರದ ಕಡೆಯವರ ಜೊತೆಗೂ ಒಪ್ಪುವುದಿಲ್ಲ. ಕೆಲವರು ನದಿಗೆ, ಕಾಡಿಗೆ, ಗಾಳಿಗೆ ಎಲ್ಲಕ್ಕೂ ರೂಪಾಯಿ ಬೆಲೆ ಕಟ್ಟಿ ಜಿಡಿಪಿಯಿಂದ ಕಳೆಯಿರಿ ಅನ್ನುತ್ತಾರೆ. ತುಂಗಭದ್ರೆಗೆ ಇಷ್ಟು ಕೋಟಿ ಅಂತ ಬೆಲೆ ಬರೆದರೆ, ನಾಳೆ ಯಾರಾದರೂ ಅಷ್ಟು ಕೋಟಿ ತಂದು ಕೊಟ್ಟು ಮುಗಿಯಿತು ಅನ್ನಬಹುದು. ಉತ್ತರಾಖಂಡದಲ್ಲಿ 2024ರಲ್ಲಿ ಕಾಡು, ನೀರು, ಗಾಳಿ, ಮಣ್ಣು ನಾಲ್ಕನ್ನೂ ಸೇರಿಸಿ ಒಂದು ಸೂಚ್ಯಂಕ ತಂದರು. ಧೈರ್ಯದ ಕೆಲಸ, ಮೆಚ್ಚಬೇಕು. ಆದರೆ ನಾಲ್ಕನ್ನೂ ಒಂದೇ ಅಂಕಿಗೆ ತಂದಾಗ, ನೀರು ಬತ್ತಿದ್ದು ಗಿಡ ನೆಟ್ಟ ಲೆಕ್ಕದ ಹಿಂದೆ ಅಡಗಬಹುದು. ನನಗೆ ಬೇಕಾದದ್ದು ಅದಕ್ಕಿಂತ ಸರಳ. ಟಿಎಂಸಿಯನ್ನು ಟಿಎಂಸಿಯಲ್ಲೇ ಬರೆಯಿರಿ. ಬೋರ್‌ವೆಲ್ ಆಳವನ್ನು ಅಡಿಯಲ್ಲೇ ಬರೆಯಿರಿ. ಆದಾಯ ಇಷ್ಟು ಏರಿತು ಅನ್ನುವ ಸಾಲಿನ ಕೆಳಗೇ, ಅದೇ ದಪ್ಪ ಅಕ್ಷರದಲ್ಲಿ ಬರೆಯಿರಿ.

ಹಾಗೆ ಬರೆದರೆ ನಿಮ್ಮ 54 ಸಾವಿರ ಕೋಟಿಯ ಚರ್ಚೆಯೇ ಬೇರೆ ಆಗುತ್ತದೆ ಕಾಕಾ. ಈಗ ಒಂದು ಕಡೆ ದೊಡ್ಡ ಅಂಕಿ ಇದೆ. ಇನ್ನೊಂದು ಕಡೆ ಅಂಕಿಯೇ ಇಲ್ಲದ ಜನರ ಸಂಕಟ. ಅದಕ್ಕೇ ಕೊಪ್ಪಳದ ಗವಿಮಠದ ಸ್ವಾಮೀಜಿ, ನಮ್ಮ ಅಜ್ಜಾರು, ಬೀದಿಗೆ ಬರಬೇಕಾಯಿತು. ಅಜ್ಜಾರು ಇಲ್ಲದ ಊರಿನ ಜನ ಏನು ಮಾಡಬೇಕು? ಅವರ ನೀರು, ಉಸಿರು ಸರ್ಕಾರದ ಪುಸ್ತಕದಲ್ಲಿ ಮೊದಲೇ ಇದ್ದಿದ್ದರೆ, ಕಾರ್ಖಾನೆ ಎಲ್ಲಿ ಇರಬೇಕು, ಎಷ್ಟು ದೊಡ್ಡದಿರಬೇಕು, ಹೊಗೆಗೆ ಏನು ಮಾಡಬೇಕು ಅಂತ ಜಮೀನು ಕೊಡುವ ಮೊದಲೇ ಕೂತು ಮಾತಾಡಬಹುದಿತ್ತು. ಆಗ ಕಾರ್ಖಾನೆಯೂ ಬರಬಹುದಿತ್ತೇನೋ, ನಗರದಿಂದ ದೂರದಲ್ಲಿ.

ಜಿಲ್ಲಾ ಸಾಂಖ್ಯಿಕ ಕಚೇರಿಯವರು ಜಿಲ್ಲೆಯ ಅಂಕಿ ಅಂಶದ ಪುಸ್ತಕ ತರುತ್ತಾರೆ. ಅದರಲ್ಲಿ ಆದಾಯದ ಪುಟದ ಎದುರಿಗೇ ಮೂರು ಅಂಕಿ ಸೇರಿಸಿ ಅಂತ ಒಂದು ಅರ್ಜಿ ಬರೆಯುತ್ತಿದ್ದೇನೆ. ಡ್ಯಾಂನಲ್ಲಿ ಉಳಿದಿರುವ ಜಾಗ, ತಾಲೂಕುವಾರು ಅಂತರ್ಜಲದ ಮಟ್ಟ, ಕಾರ್ಖಾನೆ ಸುತ್ತಿನ ಊರುಗಳ ಗಾಳಿಯ ಅಳತೆ. ಇವೆಲ್ಲ ಒಂದೊಂದು ಇಲಾಖೆಯ ಕೆಲಸವೇ, ಹೊಸದಾಗಿ ಕಂಡುಹಿಡಿಯುವುದು ಏನೂ ಇಲ್ಲ. ಕರಡು ಪ್ರತಿಯನ್ನು ನಾಳೆ ಗುಂಪಿಗೆ ಹಾಕುತ್ತೇನೆ. ನೀವು ಕಾರ್ಖಾನೆಯ ಪರ ಇದ್ದೀರಿ, ಅದಕ್ಕೇ ನಿಮ್ಮ ಸಹಿ ನನಗೆ ಜಾಸ್ತಿ ಬೇಕು. ಸಿಂಧನೂರಿನ ಮಾವನೂ ಓದಲಿ, ನಾಲೆಯ ನೀರಿನ ಬಗ್ಗೆ ನನ್ನ ಮಾತಿನಲ್ಲಿ ಏನಾದರೂ ಬಿಟ್ಟುಹೋಗಿದ್ದರೆ ಸೇರಿಸಲಿ.