ಯಾರ್ಕ್‌ಗೆ ಅಪ್ಪ-ಅಮ್ಮನ್ನ ಕರ್ಕೊಂಡು ಹೋದವರಿದ್ದೀರಾ? ಅನುಭವ ಹೇಳಿ

ಕ್ರಾಯ್ಡನ್ ಕನ್ನಡತಿ: ಮೇ ತಿಂಗಳಲ್ಲಿ ಅಪ್ಪ-ಅಮ್ಮ ಬರ್ತಿದಾರೆ. ಲಂಡನ್‌ನಿಂದ ಯಾರ್ಕ್‌ಗೆ ಹೋಗಿ ಒಂದು ರಾತ್ರಿ ಉಳಿಯೋ ಯೋಚನೆ. ಅಮ್ಮನಿಗೆ ಮಂಡಿ ನೋವು, ಮೊಟ್ಟೆನೂ ತಿನ್ನಲ್ಲ. ರೈಲೋ ಕಾರೋ? ಊಟ, ಶಾಪಿಂಗ್ ಹೇಗೆ?

ಮಿಲ್ಟನ್ ಕೀನ್ಸ್ ಗೌಡ: ಕಾರಂತೂ ಬೇಡವೇ ಬೇಡ. ಪಾರ್ಕಿಂಗ್‌ಗೆ 17 ಪೌಂಡ್ 50 ಪೆನ್ಸ್ ಕಟ್ಟಿ ರಸೀದಿನೂ ಇಟ್ಕೊಂಡಿದ್ದೆ. ಮಷೀನು ನನ್ನ ನಂಬರ್ ಪ್ಲೇಟಿನ ಕೊನೇ ಅಕ್ಷರ ನುಂಗಿತ್ತು! ಹತ್ತೇ ದಿನದಲ್ಲಿ ಬಂತು 100 ಪೌಂಡ್ ದಂಡದ ಕಾಗದ. 14 ದಿನದೊಳಗೆ ಕಟ್ಟಿದ್ರೆ 60 ಅಂತೆ. ಅಪೀಲು ಹಾಕಿದೆ, ತಳ್ಳಿಹಾಕಿದ್ರು. ಈಗ ವಸೂಲಿಯವರು 170 ಕೇಳ್ತಿದಾರೆ. ಬಿಡಿಗಾಸು ಕೊಡಲ್ಲ, ಕೋರ್ಟಿಗೆ ಬರ್ಲಿ.

ಹುಬ್ಬಳ್ಳಿ ಮಂದಿ: ಗೌಡ್ರ, ಊರ ಹೊರಗ ಪಾರ್ಕ್ ಅಂಡ್ ರೈಡ್ (ಗಾಡಿ ಅಲ್ಲೇ ನಿಲ್ಸಿ ಬಸ್ಸಿಗೆ ಊರೊಳಗ ಹೋಗೂದು) ಅದಾವಲ್ರಿ, ನಡುವೂರಾಗ ಯಾಕ ಗಾಡಿ ಒಯ್ದ್ರಿ? ನಾವು ರೈಲಿಗೇ ಹೋದ್ವಿ, ಲಂಡನ್ನಿನ ಕಿಂಗ್ಸ್ ಕ್ರಾಸ್‌ನಿಂದ ಎರಡು ತಾಸು. ಅಪ್ಪ-ಅವ್ವಗ ಸೀನಿಯರ್ ರೈಲ್‌ಕಾರ್ಡ್ ಮಾಡಿಸಿದ್ದೆ. 60 ದಾಟಿದ್ರ ಸಾಕು, ಪಾಸ್‌ಪೋರ್ಟ್ ತೋರ್ಸಿದ್ರ ಪ್ರವಾಸಕ್ಕ ಬಂದವ್ರಿಗೂ ಸಿಗತೈತಿ. 96 ಪೌಂಡ್ ಟಿಕೀಟು 64ಕ್ಕ ಬಂತು. ಊರ ಸುತ್ತಿನ ಕ್ವಾಟಿ ಗ್ವಾಡಿ ಮ್ಯಾಲಿನ ದಾರಿ ಮೂರು ಕಿಲೋಮೀಟರಿಗಿಂತ ಜಾಸ್ತಿ ಐತಿ, ಪುಕ್ಕಟೆ. ನಮ್ಮಪ್ಪ 74ರಾಗ ಪೂರ್ತಿ ಸುತ್ತು ಹೊಡದ್ರು. ಮಿನ್‌ಸ್ಟರ್ ಅನ್ನೂ ದೊಡ್ಡ ಚರ್ಚಿನ ಗೋಪುರದ 275 ಮೆಟ್ಟಲಾನೂ ಹತ್ತಿದ್ರು!

ಜಯನಗರದ ಸೊಸೆ: ಮಂಡಿ ನೋವು ಅಂದವರಿಗೆ ಮೆಟ್ಟಿಲ ಲೆಕ್ಕ ಹೇಳ್ತೀರಲ್ಲ ಸಾರ್! ನಮ್ಮದು ಕೇಳಿ. ಆಫ್ಟರ್‌ನೂನ್ ಟೀಗೆ ವೆಜಿಟೇರಿಯನ್ ಅಂತ ಮುಂಚೇನೇ ಬುಕ್ ಮಾಡಿದ್ವಿ. ಇಬ್ಬರಿಗೆ 76 ಪೌಂಡ್. ಮೂರಂತಸ್ತಿನ ತಟ್ಟೆ ಬಂತು: ಕೆಳಗೆ ಮೊಟ್ಟೆ ಸ್ಯಾಂಡ್‌ವಿಚ್, ಮೇಲೆ ಮೊಟ್ಟೆ ಕೇಕು. ಅತ್ತೆ ಸೌತೆಕಾಯಿ ಬ್ರೆಡ್ಡಷ್ಟೇ ತಿಂದು, ರೂಮಿಗೆ ಬಂದು ಅವಲಕ್ಕಿ ನೆನೆಸಿದ್ರು. ಬಿಲ್ಲಲ್ಲಿ ಶೇ. 12.5 ಸರ್ವಿಸ್ ಚಾರ್ಜ್, ಒಂಬತ್ತೂವರೆ ಪೌಂಡು. ಜಗಳ ಆಡಿ ತೆಗೆಸಿದೆ. ವೀಗನ್ (ಮೊಟ್ಟೆ, ಹಾಲು ಎರಡೂ ಇಲ್ಲದ್ದು) ಅಂತಲೇ ಕೇಳಿ.

ಕುಡ್ಲದವ: ರೈಲ್ವೆ ಮ್ಯೂಸಿಯಂ ನೋಡಿ ಮಾರಾಯ್ರೆ, ಟಿಕೆಟ್ ಇಲ್ಲ. 1938ರಲ್ಲಿ ಗಂಟೆಗೆ 126 ಮೈಲಿ ಓಡಿದ ಮಲಾರ್ಡ್ ಉಗಿಬಂಡಿ ಉಂಟು. ಮೊದಲು ಮಾಂಸದಂಗಡಿಗಳಿದ್ದ ಶಾಂಬಲ್ಸ್ ಬೀದಿಯಲ್ಲಿ ಕಸಾಯಿಯವರ ಕೊಕ್ಕೆ ಮಾತ್ರ ಉಳಿದದ್ದು, ಈಗ ಎಲ್ಲ ಗಿಫ್ಟ್ ಅಂಗಡಿ. ಅಪ್ಪನಿಗೆ 240 ಪೌಂಡಿನ ಕೋಟು ತೆಗೆದೆವು. ತೆರಿಗೆ ವಾಪಸ್ ಪಡೆಯುವ ವ್ಯಾಟ್ ಫಾರಂ ಮರೆಯಬೇಡಿ.

ಮಿಲ್ಟನ್ ಕೀನ್ಸ್ ಗೌಡ: ಯಾವ ಫಾರಂ? 2021ರ ಜನವರಿಯಿಂದಲೇ ಪ್ರವಾಸಿಗರಿಗೆ ವ್ಯಾಟ್ ವಾಪಸ್ ನಿಂತಿದೆ. ನಿಮ್ಮ 40 ಪೌಂಡ್ ಗೋವಿಂದ.

ಕುಡ್ಲದವ: ಅಂಗಡಿಯವ ಸಿಗುತ್ತದೆ ಅಂದಿದ್ದ! ಇರಲಿ, ನೀವು ಮೊದಲು ದಂಡ ಕಟ್ಟಿ.

ಹುಬ್ಬಳ್ಳಿ ಮಂದಿ: ಜಯನಗರದಕ್ಕಾರ, ಹೋಟೆಲ್ ಕೆಟಲ್‌ನ್ಯಾಗ ಅಡಗಿ ಮಾಡಿ ನಮ್ಮೆಲ್ಲರ ಹೆಸರು ಕೆಡಸಬ್ಯಾಡ್ರಿ.

ಜಯನಗರದ ಸೊಸೆ: ಅವಲಕ್ಕಿ ನೆನೆಸೋಕೆ ಕೆಟಲ್ ಯಾಕ್ರೀ? ನಿಮ್ಮ ಮನೇಲಿ ಬಿಸಿನೀರಿಗೆ ಹಾಕ್ತೀರಾ?