ಮೆಟ್ಟಿಲ ದೂಳು, ಇಂಗಿನ ವಾಸನೆ: ಇದು ಪದ್ಧತಿಯೋ ಪೂರ್ವಗ್ರಹವೋ?

ತುಂಗೆಯ ಮಗಳು:
ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎಂಟು ತಿಂಗಳಾಯಿತು. ಇಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿ ಇದೆ. ಕಟ್ಟಡದ ಮೆಟ್ಟಿಲುಗಳನ್ನು ಒಂದೊಂದು ವಾರ ಒಂದೊಂದು ಮನೆಯವರು ಗುಡಿಸಿ ಒರೆಸಬೇಕು. ಸರದಿ ಬಂದವರ ಬಾಗಿಲಿಗೆ ಫಲಕ ತೂಗುತ್ತದೆ. ಕಳೆದ ವಾರ ನನ್ನ ಸರದಿ. ಶುಕ್ರವಾರವೇ ಗುಡಿಸಿದ್ದೆ. ಶನಿವಾರ ಕೆಳಮನೆಯ ಅಜ್ಜಿ ಬಾಗಿಲು ತಟ್ಟಿ, ಮೂಲೆಯಲ್ಲಿ ಬೆರಳಾಡಿಸಿ ದೂಳು ತೋರಿಸಿದರು. ಹೋಗುವಾಗ, “ನಿಮ್ಮ ದೇಶದಲ್ಲಿ ಇಷ್ಟು ಸಾಕೇನೋ” ಎಂದರು. ದಿನವೂ ಹೊಸ್ತಿಲು ತೊಳೆದು ರಂಗೋಲಿ ಇಡುವ ಮನೆಯಲ್ಲಿ ಬೆಳೆದವಳು ನಾನು. ರಾತ್ರಿ ನಿದ್ದೆ ಬರಲಿಲ್ಲ.

ಹಳೇ ಬಾಡಿಗೆದಾರ:
ಇದರಲ್ಲಿ ಜನಾಂಗವನ್ನು ಹುಡುಕಬೇಡಿ. ಕೇರ್‌ವೋಖೆ ಸ್ಟುಟ್‌ಗಾರ್ಟ್ ಸುತ್ತಲಿನ ಸ್ವಾಬಿಯಾ ಸೀಮೆಯವರ ಹೆಮ್ಮೆ. ಉಳಿದ ಜರ್ಮನರೇ ಅದನ್ನು ಗೇಲಿ ಮಾಡುತ್ತಾರೆ. ಹ್ಯಾಂಬರ್ಗ್‌ನಿಂದ ಬಂದ ನನ್ನ ಜರ್ಮನ್ ಸಹೋದ್ಯೋಗಿಗೂ ಇದೇ ಪಾಠವಾಗಿತ್ತು. ಭಾನುವಾರ ಗೋಡೆಗೆ ಮೊಳೆ ಹೊಡೆದು ನೋಡಿ, ಇಡೀ ಕಟ್ಟಡ ಎದ್ದು ಬರುತ್ತದೆ. ಭಾನುವಾರ ವಿಶ್ರಾಂತಿಯ ದಿನ ಎಂದು 1919ರ ವೈಮರ್ ಸಂವಿಧಾನದಲ್ಲಿ ಬರೆದದ್ದನ್ನು 1949ರ ಸಂವಿಧಾನವೂ ಹಾಗೆಯೇ ಉಳಿಸಿಕೊಂಡಿದೆ. ನಿಯಮ ಎಲ್ಲರಿಗೂ ಒಂದೇ.

ಕಾವೇರಿ ತೀರ:
ದೂಳು ತೋರಿಸಿದ್ದು ನಿಯಮ, ಒಪ್ಪಿದೆ. “ನಿಮ್ಮ ದೇಶದಲ್ಲಿ” ಎಂದದ್ದು ಯಾವ ನಿಯಮ? ನಿಮ್ಮ ಹ್ಯಾಂಬರ್ಗ್‌ನವನಿಗೆ ಆ ಬಾಲ ಅಂಟಿಸಿದರೇ? ನಾನು ಮನೆ ಹುಡುಕುವಾಗ ಫೋನಿನಲ್ಲಿ ಹೆಸರು ಹೇಳಿದೊಡನೆ “ಈಗಷ್ಟೇ ಹೋಯಿತು” ಎಂದರು. ಅರ್ಧ ಗಂಟೆಯ ನಂತರ ಜರ್ಮನ್ ಗೆಳತಿ ಕರೆ ಮಾಡಿದಾಗ ಅದೇ ಮನೆ ಖಾಲಿ ಇತ್ತು. ಬಾಡಿಗೆಯಲ್ಲಿ ಇಂಥ ತಾರತಮ್ಯಕ್ಕೆ ತಡೆ ಹಾಕುವ ಕಾನೂನು 2006ರಿಂದ ಇದೆ. ಆದರೆ ಫೋನಿನಲ್ಲಿ ಆಡಿದ್ದಕ್ಕೆ ಸಾಕ್ಷಿ ಎಲ್ಲಿಂದ ತರುವುದು? 2000ದಲ್ಲಿ ಹೊರದೇಶದ ಕಂಪ್ಯೂಟರ್ ತಂತ್ರಜ್ಞರಿಗೆ ‘ಗ್ರೀನ್ ಕಾರ್ಡ್’ ಎಂಬ ಕೆಲಸದ ಪರವಾನಗಿ ಕೊಡಲು ಸರ್ಕಾರ ಹೊರಟಾಗ, ಚುನಾವಣಾ ಪ್ರಚಾರದಲ್ಲಿ ‘ಕಿಂಡರ್ ಶ್ಟಾಟ್ ಇಂಡರ್’, ಭಾರತೀಯರ ಬದಲು ಮಕ್ಕಳು, ಎಂಬ ಪ್ರಾಸದ ಘೋಷಣೆ ಮೊಳಗಿದ ದೇಶವಿದು.

ಒಗ್ಗರಣೆ ಪ್ರಿಯ:
ಇಂಗಿಗೆ ಜರ್ಮನ್ ಭಾಷೆಯಲ್ಲಿ ಏನೆನ್ನುತ್ತಾರೆ ಗೊತ್ತೇ? ‘ಟಾಯ್ಫೆಲ್ಸ್‌ಡ್ರೆಕ್’, ಸೈತಾನನ ಹೊಲಸು! ನಮ್ಮ ಸಾರಿಗೆ ಮೂಗು ಮುಚ್ಚಿಕೊಳ್ಳುವ ಪಕ್ಕದ ಮನೆಯವರು ಹುಳಿಗೊಳಿಸಿದ ಎಲೆಕೋಸನ್ನು ಬೇಯಿಸುವ ದಿನ ನಾನು ಕಿಟಕಿ ಮುಚ್ಚುತ್ತೇನೆ. ಲೆಕ್ಕ ಚುಕ್ತಾ.

ಬಸವನಗುಡಿ ಓದುಗ:
ಕಾವೇರಿ ತೀರ ಅವರೇ, ನಿಮ್ಮ ನೋವು ನಿಜ. ಆದರೆ ಬೆಂಗಳೂರಿನಲ್ಲಿ ‘ಮನೆ ಬಾಡಿಗೆಗಿದೆ, ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಫಲಕ ನೋಡಿಲ್ಲವೇ? ನಮ್ಮ ಬೀದಿಯಲ್ಲಿ ಬಾಡಿಗೆ ಕೇಳಲು ಬಂದವರ ಜಾತಿಯನ್ನು ನೇರವಾಗಿ ಕೇಳುತ್ತಾರೆ. ಫೋನಿನಲ್ಲಿ ಸುಳ್ಳು ಹೇಳುವಷ್ಟು ನಾಚಿಕೆಯೂ ಇಲ್ಲ.

ಕಾವೇರಿ ತೀರ:
ನೋಡಿದ್ದೇನೆ. ಅದೂ ತಪ್ಪು. ಆದರೆ ಅಲ್ಲಿಯ ತಪ್ಪನ್ನು ಚೀಟಿಯಾಗಿ ಹಿಡಿದುಕೊಂಡು ಇಲ್ಲಿಯ ಮನೆ ಮಾಲೀಕರು ನನ್ನನ್ನು ಹೊರಗಿಡಬಹುದೇ? ಆ ಫಲಕವನ್ನು ನಾನಂತೂ ತೂಗುಹಾಕಲಿಲ್ಲ.

ಹಳೇ ಬಾಡಿಗೆದಾರ:
ಬಾಲದ ವಿಷಯದಲ್ಲಿ ಸೋಲೊಪ್ಪುತ್ತೇನೆ. ಹ್ಯಾಂಬರ್ಗ್‌ನವನಿಗೆ ದೇಶದ ಮಾತು ಬಂದಿರಲಿಲ್ಲ. ಆದರೂ ಒಂದು ಮಾತು: ‘ಜರ್ಮನರು ಮುಖ ಗಂಟಿಕ್ಕಿದವರು, ಕ್ಷೇಮ ವಿಚಾರಿಸುವುದಿಲ್ಲ’ ಎಂದು ನಾವೂ ತೀರ್ಪು ಕೊಟ್ಟುಬಿಡುತ್ತೇವೆ. ನನ್ನ ಕಚೇರಿಯಲ್ಲಿ ಮಧ್ಯಾಹ್ನ ಎದುರಾದವರೆಲ್ಲ ‘ಮಾಲ್‌ಟ್ಸೈಟ್’ ಎನ್ನುತ್ತಾರೆ. ಊಟದ ಹೊತ್ತು ಎಂದಷ್ಟೇ ಅರ್ಥ. ಅದು ನಮ್ಮ ‘ಊಟ ಆಯಿತೇ’ ಎಂಬುದರ ದಾಯಾದಿ ಎಂದು ಹೊಳೆಯಲು ನನಗೆ ಮೂರು ವರ್ಷ ಬೇಕಾಯಿತು.

ತುಂಗೆಯ ಮಗಳು:
ಎಲ್ಲರ ಮಾತು ಓದಿ ನಿನ್ನೆ ಅಜ್ಜಿಯ ಬಾಗಿಲು ತಟ್ಟಿದೆ. ಮುರುಕು ಜರ್ಮನ್‌ನಲ್ಲಿ, “ನಿಮ್ಮ ದೇಶ ಎಂದಿರಲ್ಲ, ಏನರ್ಥ?” ಎಂದು ಕೇಳಿದೆ. ಅವರ ಕಿವಿ ಕೆಂಪಾಯಿತು. ಫೋನಿನಲ್ಲಿ ಅಮ್ಮನ ಮನೆಯ ರಂಗೋಲಿ ತೋರಿಸಿದೆ. ಬಹಳ ಹೊತ್ತು ನೋಡಿ, “ಇದನ್ನು ದಿನವೂ ಅಳಿಸುತ್ತಾರೆಯೇ?” ಎಂದರು. ಕ್ಷಮೆ ಕೇಳಲಿಲ್ಲ. ನನ್ನೊಡನೆ ಮೇಲೆ ಹತ್ತಿ ಬಂದು, ನನ್ನ ಬಾಗಿಲ ಮುಂದಿನ ಕಾಲೊರಸನ್ನು ಎತ್ತಿ, ಅದರಡಿಯೂ ಗುಡಿಸಬೇಕೆಂದು ತೋರಿಸಿದರು. ಅಲ್ಲಿ ನಿಜಕ್ಕೂ ದೂಳಿತ್ತು.