ಪಾಪುಗೆ ‘ಮೇಘನಾದ’ ಅಂತ ಇಡಬಹುದಾ? ನಿಮ್ಮ ಮನೆಯಲ್ಲಿ ಹೇಗಾಯಿತು, ಹೇಳಿ

ಜೆ.ಪಿ. ನಗರದಿಂದ ಕೇಳುತ್ತಿದ್ದೇನೆ. ನಮಗೆ ಗಂಡು ಮಗು, ಐದು ವಾರ ಆಯಿತು. ಮಖಾ ನಕ್ಷತ್ರ, ನಾಲ್ಕನೇ ಪಾದ. ‘ಮೇ’ ಅಕ್ಷರ ಬರಬೇಕು ಅಂದರು ಪುರೋಹಿತರು. ‘ಮೇ’ಗೆ ಸಿಗೋದೇ ನಾಲ್ಕೈದು ಹೆಸರು. ಮೇಧಾವಿ ಅಂತ ಇಟ್ಟರೆ ಮೊದಲ ಟೆಸ್ಟ್‌ನಲ್ಲೇ ಮಾನ ಹೋಗುತ್ತದೆ. ನನಗೂ ನಮ್ಮ ಮನೆಯವರಿಗೂ ‘ಮೇಘನಾದ’ ತುಂಬಾ ಹಿಡಿಸಿತು. ಮಗು ಹುಟ್ಟಿದ ರಾತ್ರಿ ಗುಡುಗು, ಮಳೆ ಬೇರೆ. ಅತ್ತೆ ಬಜೆ ತೇಯುತ್ತಿದ್ದವರು ಕೈ ನಿಲ್ಲಿಸಿ, “ರಾವಣನ ಮಗನ ಹೆಸರು ಕಣಮ್ಮ ಅದು. ಆ ಹೆಸರು ಹೇಳಿ ತೊಟ್ಟಿಲು ತೂಗು ಅಂತೀಯಾ?” ಅಂದರು. ಅವತ್ತಿಂದ ಮಾತು ಕಮ್ಮಿ. ಇಂಥ ಹೆಸರು ಇಟ್ಟವರು ಯಾರಾದರೂ ಇದ್ದೀರಾ? ಆಮೇಲೆ ಏನಾದರೂ ತೊಂದರೆ ಆಯಿತಾ?

ಬನಶಂಕರಿಯಿಂದ:
ಅತ್ತೆಯವರಿಗೆ ‘ಇಂದ್ರಜಿತ್’ ಆಗಬಹುದಾ ಅಂತ ಸುಮ್ನೆ ಕೇಳಿ ನೋಡಿ. ಒಪ್ಪಿದರೂ ಒಪ್ಪಬಹುದು. ಇಬ್ಬರೂ ಒಬ್ಬನೇ ಅಲ್ವಾ! ಹುಟ್ಟಿದಾಗ ಮೋಡ ಗುಡುಗಿದ ಹಾಗೆ ಅತ್ತ ಅಂತ ಮೇಘನಾದ. ಇಂದ್ರನನ್ನು ಕಟ್ಟಿ ಲಂಕೆಗೆ ತಂದಾಗ, ಬಿಡಿಸಿಕೊಳ್ಳಲು ಬಂದ ಬ್ರಹ್ಮ ಕೊಟ್ಟ ಹೆಸರು ಇಂದ್ರಜಿತ್. ಅಷ್ಟೇಕೆ, ಲಂಕೇಶ ಅಂದರೆ ಯಾರು? ಪಿ. ಲಂಕೇಶರ ಹೆಸರು ಹೇಳುವಾಗ ನಮಗೆ ಪತ್ರಿಕೆ ನೆನಪಾಗುತ್ತದೆ, ರಾವಣ ನೆನಪಾಗುತ್ತಾನಾ? ಅವರ ಮಗನ ಹೆಸರು ಇಂದ್ರಜಿತ್. ಸಿನಿಮಾ ಟೈಟಲ್ ಕಾರ್ಡ್‌ನಲ್ಲಿ ಎಷ್ಟು ಸಲ ಓದಿದ್ದೇವೆ, ಯಾರೂ ಬೆಚ್ಚಿಬಿದ್ದಿಲ್ಲ.

ತ್ಯಾಗರಾಜನಗರದಿಂದ:
ಬೇಜಾರು ಮಾಡಿಕೊಳ್ಳಬೇಡಿ, ನಾನು ನಿಮ್ಮ ಅತ್ತೆ ಕಡೆ. ಇದೇ ಇಂದ್ರಜಿತು ತಾನೇ ಮಾಯಾಸೀತೆಯನ್ನು ಮಾಡಿ, ಹನುಮಂತನ ಕಣ್ಣೆದುರೇ ಕಡಿದವನು? ರಾಮನವಮಿಗೆ ಪಾನಕ, ಕೋಸಂಬರಿ ಹಂಚುವ ಮನೆಯಲ್ಲಿ ಅಜ್ಜಿ ಮೊಮ್ಮಗನಿಗೆ ಕಥೆ ಹೇಳಲೇಬೇಕು. ಲಕ್ಷ್ಮಣ ಮೇಘನಾದನನ್ನು ಕೊಂದ ಅನ್ನೋ ಜಾಗಕ್ಕೆ ಬಂದಾಗ ಏನು ಹೇಳಬೇಕು ಅವರು?

ಇದು ಬರೀ ಊಹೆ ಅಲ್ಲ. ನಮ್ಮ ತಂಗಿ ಮಗನಿಗೆ ಕರ್ಣ ಅಂತ ಇಟ್ಟರು. ದಾನಶೂರ, ಒಳ್ಳೆಯ ಹೆಸರೇ. ಮಹಾಭಾರತದ ಧಾರಾವಾಹಿಯಲ್ಲಿ ರಥದ ಚಕ್ರ ಹೂತುಹೋದ ದಿನ ಏಳು ವರ್ಷದ ಹುಡುಗ ಊಟ ಬಿಟ್ಟು ಮಲಗಿದ. ಮರುದಿನದಿಂದ ಕ್ಲಾಸಿನಲ್ಲಿ ಅರ್ಜುನ್ ಅನ್ನೋ ಹುಡುಗನ ಜೊತೆ ಮಾತು ಬಿಟ್ಟ. ಆ ಪಾಪದ ಹುಡುಗನಿಗೆ ಕಾರಣವೇ ಗೊತ್ತಿಲ್ಲ! ನಮಗೆ ನಗು, ಅವನಿಗೆ ಅಳು.

ಕಮ್ಮನಹಳ್ಳಿಯಿಂದ:
ನಾವು ಕನ್ನಡ ಕ್ರೈಸ್ತರು. ನಮ್ಮದು ಇನ್ನೊಂದು ಥರದ ಪಜೀತಿ. ಕೈಮೀರಿದ ಕೆಲಸಕ್ಕೆ ಸಂತ ಜೂಡರನ್ನು ಬೇಡಿಕೊಳ್ಳುವುದು ನಮ್ಮಲ್ಲಿ ರೂಢಿ. ಮಗುವಿಗಾಗಿ ಆರು ವರ್ಷ ನೊವೇನ (ಒಂಬತ್ತು ದಿನದ ಪ್ರಾರ್ಥನೆ) ಮಾಡಿದ್ದೆ. ಗಂಡು ಹುಟ್ಟಿತು, ಜೂಡ್ ಅಂತ ಇಟ್ಟೆವು.

ಇಂಗ್ಲಿಷಿನಲ್ಲಿ ಜೂಡ್ ಬೇರೆ, ಯೇಸುವಿಗೆ ದ್ರೋಹ ಮಾಡಿದ ಜೂಡಾಸ್ ಬೇರೆ. ಗ್ರೀಕಿನಲ್ಲಿ ಎರಡೂ ಒಂದೇ ಹೆಸರು. ನಮ್ಮ ಕನ್ನಡ ಬೈಬಲಿನಲ್ಲೂ ಅಷ್ಟೇ, ಇಬ್ಬರೂ ಯೂದ. ಯೋಹಾನನ ಸುವಾರ್ತೆಯಲ್ಲಿ ಒಂದು ಕಡೆ, ಈ ಯೂದ ಆ ದ್ರೋಹಿ ಇಸ್ಕರಿಯೋತ ಅಲ್ಲ ಅಂತ ಬಿಡಿಸಿ ಹೇಳಿದ್ದಾರೆ. ಆ ಕಾಲಕ್ಕೇ ಈ ಗೊಂದಲ ಇತ್ತು ನೋಡಿ! ದೀಕ್ಷಾಸ್ನಾನದ ದಿನವೇ ಮಾವ ಮುಖ ಗಂಟು ಹಾಕಿಕೊಂಡು, “ಮೂವತ್ತು ಬೆಳ್ಳಿ ನಾಣ್ಯಕ್ಕೆ ಸ್ವಾಮಿಯನ್ನು ಮಾರಿದವನ ಹೆಸರು ನಮ್ಮ ಮನೆಗಾ?” ಅಂದರು. ಅವನಲ್ಲ, ಇನ್ನೊಬ್ಬ ಅಂತ ಚರ್ಚಿನ ಸ್ವಾಮಿಗಳೇ ಹೇಳಿದರೂ ಕೇಳಲಿಲ್ಲ.

ಶಾಲೆಯಲ್ಲಿ ಏನೂ ಆಗಲಿಲ್ಲ. ಕಷ್ಟ ಆಗಿದ್ದು ಒಂದೇ ದಿನ. ಈಸ್ಟರ್‌ಗೆ ಹಿಂದಿನ ಗರಿಗಳ ಭಾನುವಾರ ಯೇಸುವಿನ ಯಾತನೆಯ ಭಾಗ ಓದುವಾಗ ಯೂದನ ಹೆಸರು ಬಂತು. ಮುಂದಿನ ಬೆಂಚಿನ ಮೂರು ಹುಡುಗರು ಒಟ್ಟಿಗೆ ಹಿಂದೆ ತಿರುಗಿ ನನ್ನ ಮಗನನ್ನು ನೋಡಿದರು. ಅವನು ಕೈಯಲ್ಲಿದ್ದ ಗರಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡ. ಮನೆಗೆ ಬಂದು ಎಲ್ಲ ಬಿಡಿಸಿ ಹೇಳಿದೆ. ಈಗ ಅವನಿಗೆ ಹನ್ನೊಂದು. ಯಾರಾದರೂ ಕೇಳಿದರೆ ತಾನೇ ಗ್ರೀಕಿನಿಂದ ಶುರು ಮಾಡುತ್ತಾನೆ, ನಿಲ್ಲಿಸೋದು ಕಷ್ಟ. ಮಾವ ಮಾತ್ರ ಇವತ್ತಿಗೂ ಅವನನ್ನು ಹೆಸರು ಹಿಡಿದು ಕರೆದಿಲ್ಲ. “ಪುಟ್ಟ” ಅಷ್ಟೇ. ಇದಕ್ಕೆ ನೀವು ತಯಾರಿದ್ದೀರಾ ಅಂತ ಮೊದಲು ಯೋಚನೆ ಮಾಡಿ ಅಕ್ಕ. ಬೇರೆಯವರ ಬಾಯಿ ದೊಡ್ಡ ವಿಷಯವೇ ಅಲ್ಲ.

ವಿಜಯನಗರದಿಂದ:
ನಮ್ಮ ಅಕ್ಕನ ಮಗ ಮೇಘನಾದನೇ! ಈಗ ಡಿಗ್ರಿ ಓದುತ್ತಿದ್ದಾನೆ. ರಾವಣನ ಮಗನಾ ಅಂತ ಯಾರೂ ಕೇಳಿಲ್ಲ. ಕೇಳೋದು ‘ಮೇಘನಾಥ್ ಅಲ್ವಾ?’ ಅಂತ. ಗ್ಯಾಸ್ ಬುಕ್ಕಿಂಗ್, ಕೊರಿಯರ್, ಒಂದು ವರ್ಷದ ಮಾರ್ಕ್ಸ್ ಕಾರ್ಡ್, ಎಲ್ಲಾ ಕಡೆ ನಾಥ್. ಅದನ್ನು ತಿದ್ದಿಸಲು ಭಾವ ಅಲೆದಿದ್ದಕ್ಕೆ ಲೆಕ್ಕವಿಲ್ಲ.

ಅದಕ್ಕೇ ಹೇಳುತ್ತೇನೆ, ಮನೆಯಲ್ಲಿ ಒಮ್ಮತ ಆಗೋವರೆಗೆ ದಾಖಲೆಯಲ್ಲಿ ಹೆಸರು ಸೇರಿಸಬೇಡಿ. ಹೆಸರಿಲ್ಲದೆಯೂ ಜನನ ನೋಂದಣಿ ಆಗುತ್ತದೆ. ಹೆಸರು ಸೇರಿಸಲು 12 ತಿಂಗಳವರೆಗೆ ಶುಲ್ಕ ಇಲ್ಲ. ಆಮೇಲೆ 15 ವರ್ಷದ ತನಕ ತಡವಾದ ಶುಲ್ಕ ಕಟ್ಟಿ ಸೇರಿಸಬಹುದು. ಸೇರಿಸಿದ ಮೇಲೆ ಬದಲಾಯಿಸುವುದೇ ತಲೆನೋವು. ಜ್ಯೋತಿಷ್ಯದ ಕಾರಣಕ್ಕೆ ಮಗುವಿನ ಹೆಸರು ಬದಲಾಯಿಸಿದವರ ಕೇಸು ನಮ್ಮ ಹೈಕೋರ್ಟ್ ತನಕ ಹೋಗಿ, 2025ರಲ್ಲಿ ತೀರ್ಮಾನ ಆಯಿತು. ಹಳೆ ಹೆಸರು, ಹೊಸ ಹೆಸರು ಎರಡನ್ನೂ ನಮೂದಿಸಿ ಪ್ರಮಾಣಪತ್ರ ಕೊಡಿ ಅಂದಿತು ಕೋರ್ಟು. 2023ರ ಅಕ್ಟೋಬರ್ 1ರ ಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲಕ್ಕೂ ಹುಟ್ಟಿದ ದಿನದ ಆಧಾರ ಆ ಪತ್ರವೇ. ಬಸ್ ಪಾಸಿನ ಹಾಗೆ ತಿದ್ದಿಸಿಕೊಂಡರಾಯಿತು ಅಂದುಕೊಳ್ಳಬೇಡಿ.

ಯಲಹಂಕದಿಂದ:
ನಾನು ಫಿಸಿಕ್ಸ್ ಮೇಷ್ಟ್ರು. ನನಗೆ ಮೇಘನಾದ ಅಂದರೆ ವಿಜ್ಞಾನಿ ಮೇಘನಾದ ಸಹಾ. 1893ರಲ್ಲಿ ಢಾಕಾ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವರು. ನಕ್ಷತ್ರಗಳ ಬೆಳಕು ನೋಡಿ ಅಲ್ಲಿನ ಬಿಸಿ ಎಷ್ಟು ಅಂತ ತಿಳಿಯಲು ಅವರ 1920ರ ಸಮೀಕರಣ ಇಲ್ಲದೆ ಆಗುವುದಿಲ್ಲ. ಅತ್ತೆಯವರಿಗೆ ನಕ್ಷತ್ರದ ಮೇಲೆ ನಂಬಿಕೆ ಇದೆಯಲ್ಲ, ಇದನ್ನೂ ಹೇಳಿ ನೋಡಿ.

ಕೇಳಿದವಳು, ಮತ್ತೆ:
ಎಲ್ಲರಿಗೂ ಥ್ಯಾಂಕ್ಸ್. ಕಮ್ಮನಹಳ್ಳಿಯವರು ಬರೆದದ್ದನ್ನು ಎರಡು ಸಲ ಓದಿದೆ. ಇಂದ್ರಜಿತ್ ಉಪಾಯವನ್ನು ನಿನ್ನೆಯೇ ಪ್ರಯೋಗ ಮಾಡಿದೆ. ಅತ್ತೆ ಮೊದಲು “ಚೆನ್ನಾಗಿದೆ” ಅಂದರು. ಇಬ್ಬರೂ ಒಬ್ಬನೇ ಅಂತ ಹೇಳಿದ ಮೇಲೆ, “ಹೌದಾ? ಹಾಗಾದ್ರೆ ಅದೂ ಬೇಡ” ಅಂದರು. ಅವರ ಕಡೆಯಿಂದ ಈಗ ‘ಮೇಘಶ್ಯಾಮ’ ಬಂದಿದೆ. ನಮ್ಮ ಮನೆಯವರು ಶ್ಯಾಮ ಬೇಡ, ಬರೀ ‘ಮೇಘ’ ಸಾಕು ಅನ್ನುತ್ತಿದ್ದಾರೆ. ಭಾನುವಾರ ನಾಮಕರಣ. ಛತ್ರ ಬುಕ್ ಆಗಿದೆ, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಹೆಸರು ಮಾತ್ರ ಆಗಿಲ್ಲ.